ಫ್ಯಾಷನ್ ಮುಗಿದರೂ ನೀವು ಗುಟ್ಟಾಗಿ ಕೇಳುವ ಸಂಗೀತ ಯಾವುದು?

ಮಾಪಿಳ ಪಾಟ್ಟಿನ, ಅಂದರೆ ಕೇರಳದ ಮಲಬಾರಿನ ಮುಸ್ಲಿಮರ ಹಾಡು ಪರಂಪರೆಯ, ಹಳೇ ಆಲ್ಬಂ ಹಾಡುಗಳು. ಸಿ.ಡಿ. ಕಾಲದಲ್ಲಿ ಕಾಸರಗೋಡಿನಲ್ಲಿ ಬಸ್ಸು ಹತ್ತಿದರೂ ಇವೇ, ಮದುವೆ ಮನೆಗೆ ಹೋದರೂ ಇವೇ. ಕೀಬೋರ್ಡಿನ ರೆಡಿಮೇಡ್ ತಾಳ, ದನಿಗೆ ಜಾಸ್ತಿಯಾದ ಎಕೋ, ಬಿಟ್ಟುಹೋದ ಹುಡುಗಿಗಾಗಿ ಗೋಳು. ನಮ್ಮ ಕನ್ನಡ ಮನೆಗಳಲ್ಲಿ ಯಕ್ಷಗಾನದ ಪದ ಕೇಳ್ತೇನೆ ಅಂದರೆ ಮರ್ಯಾದೆ, ಇದನ್ನು ಕೇಳ್ತೇನೆ ಅಂದರೆ ನಗು. ಹಾಗಾಗಿ ಇಯರ್‌ಫೋನೇ ಗತಿ.

ಆದರೆ ಈ ಹಾಡಿನ ಬೇರು ಆಳದ್ದು. ಮಾಪಿಳ ಪಾಟ್ಟಿನ ಕವಿ, ಕೇರಳದ ಕೊಂಡೋಟ್ಟಿಯ ಮೋಯಿನ್‌ಕುಟ್ಟಿ ವೈದ್ಯರ್ 1872ರಲ್ಲಿ ದೊಡ್ಡ ಪ್ರೇಮಕಾವ್ಯ ಬರೆದಾಗ ಅವರಿಗೆ ಬರೀ 20 ವರ್ಷ. ಹಾಡುವ ಧಾಟಿಗಳಿಗೆ ಇಶಲ್ ಎನ್ನುತ್ತಾರೆ. ಸಾಲುಗಳ ಎರಡನೇ ಅಕ್ಷರ ಪ್ರಾಸವಾಗಬೇಕು, ನಮ್ಮ ಷಟ್ಪದಿಯ ಹಾಗೆಯೇ! ಕೆಲವು ಕಡೆ ಒಂದು ಸಾಲಿನ ಕೊನೆಯ ಪದದಿಂದಲೇ ಮುಂದಿನ ಸಾಲು ಶುರು. ಕುಮಾರವ್ಯಾಸನನ್ನು ಕೇಳಿ ಬೆಳೆದ ಕಿವಿಗೆ ಹಿಡಿಸದೇ ಇರುತ್ತದೆಯೇ?

ಆಲ್ಬಂನವರು ಈ ನಿಯಮಗಳನ್ನು ಅಷ್ಟಾಗಿ ಪಾಲಿಸಲ್ಲ, ನಿಜ. ಆದರೂ ಇಶಲಿನ ಕುಣಿತ ಉಳಿದಿದೆ. ನಾಚಿಕೆ ಅನಿಸಿದರೆ ಹೆಸರಾಂತ ಮಾಪಿಳ ಪಾಟ್ಟು ಗಾಯಕ ಎರಞ್ಞೋಳಿ ಮೂಸ ಹಾಡಿದ್ದರಿಂದ ಶುರು ಮಾಡಿ, ಅದನ್ನು ಸ್ಪೀಕರಿನಲ್ಲೇ ಹಾಕಬಹುದು.