ಮಿರರ್ ಹಳಸಿದೆಯೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೆಯ ಡೆಸ್ಕ್‌ಟಾಪ್‌ನಲ್ಲಿ ಲಿನಕ್ಸ್ ಬಗೆಯ ಉಬುಂಟು 24.04 ಇದೆ. ಹಾಕಿಸಿದಾಗ ‘ಸೆಲೆಕ್ಟ್ ಬೆಸ್ಟ್ ಸರ್ವರ್’ ಒತ್ತಿ, ಅದು ತೋರಿಸಿದ ಮಿರರನ್ನೇ (ಉಬುಂಟು ಕಡತಗಳ ನಕಲು ಇಟ್ಟು ಹಂಚುವ ಸರ್ವರ್) ಇಟ್ಟುಕೊಂಡೆ. ಮೂರು ವಾರದಿಂದ ಅಪ್‌ಡೇಟ್ ಕೊಟ್ಟಾಗಲೆಲ್ಲ ‘ಆಲ್ ಪ್ಯಾಕೇಜಸ್ ಆರ್ ಅಪ್ ಟು ಡೇಟ್’ ಎಂದೇ ಬರುತ್ತಿದೆ. ತಮ್ಮನ ಲ್ಯಾಪ್‌ಟಾಪ್‌ನಲ್ಲೂ ಇದೇ ಆವೃತ್ತಿ, ಅದಕ್ಕೆ ಮಾತ್ರ ಆಗಾಗ ಅಪ್‌ಡೇಟ್ ಬರುತ್ತದೆ. ಏನಾಗಿರಬಹುದು?
— ಓದುಗರು, ರಾಜಾಜಿನಗರ

ಉತ್ತರ: ಮೂರು ವಾರ ಒಂದೂ ಅಪ್‌ಡೇಟ್ ಬಂದಿಲ್ಲವೆಂದರೆ ನಿಮ್ಮ ಮಿರರ್ ಹಳಸಿದೆ ಎಂದೇ ಅನುಮಾನಿಸಬೇಕು. ಅಪ್‌ಡೇಟ್ ತರುವ ತಂತ್ರಾಂಶವಾದ ಆಪ್ಟ್ ನಿಮ್ಮ ಯಂತ್ರದಲ್ಲಿರುವುದನ್ನು ಮಿರರಿನಲ್ಲಿರುವ ಪಟ್ಟಿಯ ಜೊತೆ ಹೋಲಿಸಿ ನೋಡುತ್ತದೆ, ಅಷ್ಟೆ. ಮಿರರ್ ನಡೆಸುವವರ ಕಡೆ ಡಿಸ್ಕ್ ತುಂಬಿಯೋ ಸ್ಕ್ರಿಪ್ಟ್ ಕೆಟ್ಟೋ ನಕಲು ಮಾಡುವ ಕೆಲಸ ನಿಂತಿದ್ದರೆ, ಪಟ್ಟಿಯೂ ನಿಂತ ದಿನದ್ದೇ. ಡಿಜಿಟಲ್ ಸಹಿ ಆಗಲೂ ಪಾಸಾಗುತ್ತದೆ. ಕಡತವನ್ನು ಯಾರೂ ತಿದ್ದಿಲ್ಲ ಎಂಬುದಕ್ಕಷ್ಟೇ ಸಹಿ ಜವಾಬು. ಅದು ಹೊಸದೋ ಹಳೆಯದೋ ಎಂಬುದಕ್ಕಲ್ಲ. ಉಬುಂಟುವಿಗೆ ಮೂಲವಾದ ಡೆಬಿಯನ್‌ನ ಸೆಕ್ಯುರಿಟಿ ಪಟ್ಟಿಯಲ್ಲಿ ‘ವ್ಯಾಲಿಡ್ ಅಂಟಿಲ್’ ಎಂಬ ಗಡುವು ಇರುತ್ತದೆ, ಅದು ಮೀರಿದರೆ ಆಪ್ಟ್ ತಕರಾರು ತೆಗೆಯುತ್ತದೆ. ಉಬುಂಟು ಅಂಥ ಗಡುವು ಹಾಕುವುದಿಲ್ಲ. ಹಾಗಾಗಿ ಹಿಂದೆ ಬಿದ್ದದ್ದು ಗೊತ್ತೇ ಆಗುವುದಿಲ್ಲ.

ಪತ್ತೆ ಮಾಡುವುದು ಸುಲಭ. ಬ್ರೌಸರಿನಲ್ಲಿ ನಿಮ್ಮ ಮಿರರಿನ ವಿಳಾಸ ತೆರೆದು ‘ಡಿಸ್ಟ್ಸ್’ ಫೋಲ್ಡರಿಗೆ ಹೋಗಿ, ಅಲ್ಲಿ ‘ನೋಬಲ್-ಅಪ್‌ಡೇಟ್ಸ್’ (‘ನೋಬಲ್’ ಎಂಬುದು 24.04ರ ಸಂಕೇತನಾಮ), ಅದರೊಳಗೆ ‘ಇನ್‌ರಿಲೀಸ್’ ಕಡತ. ಮೇಲಿನ ಸಾಲುಗಳಲ್ಲಿ ‘ಡೇಟ್’ ಎಂದಿರುವುದನ್ನು ಓದಿ. ಅದೇ ಕಡತವನ್ನು ಉಬುಂಟುವಿನ ಮುಖ್ಯ ಆರ್ಕೈವ್ ಸರ್ವರ್‌ನಲ್ಲೂ ತೆರೆದು ಹೋಲಿಸಿ. ಸಮಯ ಯುಟಿಸಿಯಲ್ಲಿರುತ್ತದೆ, ನಮ್ಮ ಸಮಯ ಬೇಕಿದ್ದರೆ 5 ಗಂಟೆ 30 ನಿಮಿಷ ಕೂಡಿಸಿ. ಕೆಲವು ಗಂಟೆಗಳ ವ್ಯತ್ಯಾಸ ಸಹಜ. ದಿನಗಟ್ಟಲೆ ಇದ್ದರೆ ಆ ಮಿರರ್ ಬಿಡಿ. ಇಲ್ಲಿ ಹಲವರು ಎಡವುವುದು ಬರೀ ‘ನೋಬಲ್’ ಫೋಲ್ಡರ್ ನೋಡಿ. ಅದರ ತಾರೀಕು ಆವೃತ್ತಿ ಬಿಡುಗಡೆಯಾದ 2024ರ ಏಪ್ರಿಲ್ 25ರಲ್ಲೇ ನಿಂತಿರುತ್ತದೆ. ಎಷ್ಟೇ ಒಳ್ಳೆಯ ಮಿರರ್ ಆದರೂ ಅದು ಬದಲಾಗುವುದಿಲ್ಲ. ನೋಡಬೇಕಾದದ್ದು ‘ಅಪ್‌ಡೇಟ್ಸ್’ ಅಂಟಿಕೊಂಡಿರುವ ಫೋಲ್ಡರನ್ನೇ.

ಉಬುಂಟು ತಯಾರಕರ ಲಾಂಚ್‌ಪ್ಯಾಡ್ ತಾಣದಲ್ಲಿ ದೇಶವಾರು ಮಿರರ್ ಪಟ್ಟಿ ಇದೆ. ಪ್ರತಿ ಹೆಸರಿನ ಮುಂದೆ ‘ಅಪ್ ಟು ಡೇಟ್’, ‘ಒನ್ ಡೇ ಬಿಹೈಂಡ್’, ‘ಒನ್ ವೀಕ್ ಬಿಹೈಂಡ್’ ಎಂದು ಬರೆದಿರುತ್ತದೆ. ಮೊದಲು ಅದನ್ನು ನೋಡಿ, ಆಮೇಲೆ ವೇಗ. ‘ಬೆಸ್ಟ್ ಸರ್ವರ್’ ಗುಂಡಿ ಅಳೆಯುವುದು ವೇಗವನ್ನು ಮಾತ್ರ. ಮಿರರ್ ಭಾರತದ್ದೇ ಆಗಬೇಕೆಂಬ ಹಟವೂ ಬೇಡ. ಬೆಂಗಳೂರಿನಲ್ಲಿ ಕೂತವರಿಗೆ ನಿಮ್ಮ ಇಂಟರ್ನೆಟ್ ಕಂಪನಿಯ ದಾರಿ ಹೇಗಿದೆ ಎಂಬುದರ ಮೇಲೆ ಒಮ್ಮೊಮ್ಮೆ ಸಿಂಗಪುರದ ಸರ್ವರ್ ಇಲ್ಲಿಯದಕ್ಕಿಂತ ಬೇಗ ಸಿಗುತ್ತದೆ.

ಇನ್ನೊಂದು ಮಾತು. ಈ ಆವೃತ್ತಿಯಲ್ಲಿ ಮಿರರಿನ ವಿವರ ಇರುವುದು ‘ಉಬುಂಟು ಡಾಟ್ ಸೋರ್ಸಸ್’ ಎಂಬ ಕಡತದಲ್ಲಿ. ಸಾಮಾನ್ಯವಾಗಿ ಅದರಲ್ಲಿ ಎರಡು ಕಂತೆ ಸಾಲುಗಳಿರುತ್ತವೆ. ‘ನೋಬಲ್-ಸೆಕ್ಯುರಿಟಿ’ ಎಂದಿರುವ ಎರಡನೆಯ ಕಂತೆಯ ‘ಯುಆರ್‌ಐಸ್’ ಸಾಲಿನಲ್ಲಿ ಉಬುಂಟುವಿನ ಸ್ವಂತ ಸೆಕ್ಯುರಿಟಿ ಸರ್ವರ್ ಇರಬೇಕು. ನಿಮ್ಮಲ್ಲಿ ಅಲ್ಲೂ ಆ ಮಿರರೇ ಕೂತಿರಬಹುದು. ಇಲ್ಲದಿದ್ದರೆ ಮೂರು ವಾರದಲ್ಲಿ ಸುರಕ್ಷತೆಯ ತೇಪೆಗಳಾದರೂ ಬಂದಿರಬೇಕಿತ್ತು. ಉಳಿದದ್ದಕ್ಕೆ ಯಾವ ಮಿರರ್ ಬೇಕಾದರೂ ಇರಲಿ, ಈ ಸಾಲನ್ನು ಮಾತ್ರ ಮುಖ್ಯ ಸರ್ವರಿಗೇ ಬಿಡಿ. ಕಡತ ತಿದ್ದಿ ಉಳಿಸಿ, ‘ಸುಡೋ ಆಪ್ಟ್ ಅಪ್‌ಡೇಟ್’ ಕೊಡಿ.

ಇಷ್ಟಾದ ಮೇಲೂ ತಮ್ಮನಿಗೆ ಬಂದ ಒಂದೆರಡು ಪ್ಯಾಕೇಜ್ ನಿಮಗೆ ಬರದಿದ್ದರೆ ಮಿರರನ್ನು ದೂರಬೇಡಿ. ಉಬುಂಟು ಕೆಲವು ಅಪ್‌ಡೇಟ್‌ಗಳನ್ನು ಎಲ್ಲರಿಗೂ ಒಟ್ಟಿಗೆ ಕೊಡದೆ ಹಂತಹಂತವಾಗಿ ಹಂಚುತ್ತದೆ. ಆಪ್ಟ್ ‘ಫೇಸಿಂಗ್’ ಎಂಬ ಕಾರಣ ಹೇಳಿ ತಡೆಹಿಡಿದರೆ ಕೆಲವು ದಿನ ಕಾಯಿರಿ. ಫೈರ್‌ಫಾಕ್ಸ್ ಉಬುಂಟುವಿನಲ್ಲಿ ಸ್ನ್ಯಾಪ್ ಆಗಿ (ಆಪ್ಟ್ ಬಿಟ್ಟು ಬೇರೆ ದಾರಿಯ ಪ್ಯಾಕೇಜ್) ಬರುತ್ತದೆ, ಅದಕ್ಕೂ ಮಿರರಿಗೂ ಸಂಬಂಧವೇ ಇಲ್ಲ.

ಪ್ರಶ್ನೆ: ಹಳೆಯ ಡೆಸ್ಕ್‌ಟಾಪ್. ಕರೆಂಟ್ ಹೋಗಿ ಬಂದಾಗಲೆಲ್ಲ ‘ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್’ ಎಂಬ ಎರರ್. ಮಿರರ್ ಬದಲಿಸಿದರೂ ಅಷ್ಟೆ.
— ಓದುಗರು, ಹನುಮಂತನಗರ

ಉತ್ತರ: ಮಿರರ್ ಸರಿ ಇದೆ, ನಿಮ್ಮ ಗಡಿಯಾರ ಹಿಂದಿದೆ. ಪಟ್ಟಿಯ ತಾರೀಕು ನಿಮ್ಮ ಯಂತ್ರದ ಲೆಕ್ಕದಲ್ಲಿ ‘ನಾಳೆ’ಯದಾಗಿರುವುದರಿಂದ ಆಪ್ಟ್ ಒಪ್ಪುತ್ತಿಲ್ಲ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವ ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿರುತ್ತದೆ. ಬಹುತೇಕ ಬೋರ್ಡುಗಳಲ್ಲಿ ಅದು 3 ವೋಲ್ಟಿನ ಸಿಆರ್2032. ಎಸ್‌ಪಿ ರಸ್ತೆಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಕರೆಂಟ್ ವೈರ್ ಕಿತ್ತು, ಹಳೆಯದನ್ನು ತೆಗೆದು, ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ. ಬಯೋಸ್‌ನಲ್ಲಿ ಸಮಯ ಸರಿಪಡಿಸಿ. ಆಮೇಲೆ ‘ಟೈಮ್‌ಡೇಟ್‌ಸಿಟಿಎಲ್’ ಕೊಟ್ಟು ‘ಸಿಸ್ಟಮ್ ಕ್ಲಾಕ್ ಸಿಂಕ್ರನೈಸ್ಡ್’ ಮುಂದೆ ‘ಯೆಸ್’ ಇದೆಯೇ ನೋಡಿ. ‘ನೋ’ ಎಂದೇ ಇದ್ದರೆ ಸಮಯ ತರುವ ದಾರಿಯಾದ ಯುಡಿಪಿ ಪೋರ್ಟ್ 123 ಅನ್ನು ರೂಟರ್ ತಡೆಯುತ್ತಿರಬಹುದು.

ಪ್ರಶ್ನೆ: ಲಿನಕ್ಸ್ ಮಿಂಟ್‌ನಲ್ಲಿ ‘ಹ್ಯಾಶ್ ಸಮ್ ಮಿಸ್‌ಮ್ಯಾಚ್’ ಬರುತ್ತಿದೆ.
— ಓದುಗರು, ಯಲಹಂಕ

ಉತ್ತರ: ಬಂದ ಕಡತ ಪಟ್ಟಿಯಲ್ಲಿರುವ ಗುರುತಿಗೆ ಹೊಂದುತ್ತಿಲ್ಲ ಎಂದು ಇದರರ್ಥ. ಮಿರರ್ ಅರ್ಧ ಹೊಸದು ಅರ್ಧ ಹಳೆಯದಾಗಿರುವ ಹೊತ್ತಿನಲ್ಲಿ ನೀವು ಹೋಗಿದ್ದೀರಿ, ಇಲ್ಲವೇ ನಡುವಿನ ಪ್ರಾಕ್ಸಿ (ಮಧ್ಯವರ್ತಿ ಸರ್ವರ್) ಹಳೆಯ ಪ್ರತಿ ಕೊಡುತ್ತಿದೆ. ಒಂದೆರಡು ಗಂಟೆ ಬಿಟ್ಟು ನೋಡಿ. ಹೋಗದಿದ್ದರೆ ‘ವಾರ್ – ಲಿಬ್ – ಆಪ್ಟ್ – ಲಿಸ್ಟ್ಸ್’ ಒಳಗಿರುವುದನ್ನು ಅಳಿಸಿ ಮತ್ತೆ ಅಪ್‌ಡೇಟ್ ಕೊಡಿ. ಅವು ಪಟ್ಟಿಗಳಷ್ಟೇ, ತಿರುಗಿ ಬರುತ್ತವೆ. ‘ಲಿಬ್’ ಒಳಗೇ ಇರುವ ‘ಡಿಪಿಕೆಜಿ’ ಫೋಲ್ಡರನ್ನು ಮಾತ್ರ ಮುಟ್ಟಬೇಡಿ. ಮಿಂಟ್ ಉಬುಂಟುವಿನ ಮೇಲೆ ಕಟ್ಟಿದ್ದು, ಹಾಗಾಗಿ ಅದರ ‘ಸಾಫ್ಟ್‌ವೇರ್ ಸೋರ್ಸಸ್’ನಲ್ಲಿ ಮಿರರ್ ಎರಡು ಕಡೆ ಆರಿಸಬೇಕು: ‘ಮೇನ್’ ಮಿಂಟ್‌ನದು, ‘ಬೇಸ್’ ಉಬುಂಟುವಿನದು. ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ಮರೆಯುವವರೇ ಹೆಚ್ಚು. ಪ್ಯಾಕೇಜ್‌ಗಳ ದೊಡ್ಡ ಪಾಲು ಬರುವುದು ‘ಬೇಸ್’ನಿಂದ.

ಪ್ರಶ್ನೆ: ಉಬುಂಟು 23.10. ಯಾವ ಮಿರರ್ ಹಾಕಿದರೂ 404 ಎರರ್.
— ಓದುಗರು, ಕೆಂಗೇರಿ

ಉತ್ತರ: ಮಿರರ್ ಹುಡುಕುವುದನ್ನು ನಿಲ್ಲಿಸಿ. ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ್ದು) ಅಲ್ಲದ ಆವೃತ್ತಿಗೆ 9 ತಿಂಗಳಷ್ಟೇ ಆಯಸ್ಸು. ನಿಮ್ಮದು 2024ರ ಜುಲೈನಲ್ಲೇ ಮುಗಿಯಿತು. ಅದರ ಕಡತಗಳು ಈಗ ‘ಓಲ್ಡ್ ರಿಲೀಸಸ್’ ಸರ್ವರಿನಲ್ಲಿವೆ, ಅಲ್ಲಿ ಹೊಸ ತೇಪೆ ಬರುವುದಿಲ್ಲ. ಬ್ಯಾಕಪ್ ತೆಗೆದು 24.04 ಹಾಕಿ.

ಪ್ರಶ್ನೆ: ನಮ್ಮ ಕಾಲೇಜು ಲ್ಯಾಬ್‌ನಲ್ಲಿ ಉಬುಂಟುವಿನ 40 ಡೆಸ್ಕ್‌ಟಾಪ್‌ಗಳಿವೆ. ನಾವೇ ಒಂದು ಮಿರರ್ ಇಟ್ಟುಕೊಳ್ಳುವುದು ಒಳ್ಳೆಯದಲ್ಲವೇ?
— ಉಪನ್ಯಾಸಕರು, ಬಸವನಗುಡಿ

ಉತ್ತರ: ಬೇಡ. ಪೂರ್ತಿ ಮಿರರಿಗೆ ಟೆರಾಬೈಟ್‌ಗಟ್ಟಲೆ ಜಾಗ ಬೇಕು, ಅದರಲ್ಲಿ ನಿಮ್ಮ ಮಕ್ಕಳು ಬಳಸುವುದು ಚಿಟಿಕೆಯಷ್ಟು. ಒಂದು ಯಂತ್ರದಲ್ಲಿ ‘ಆಪ್ಟ್-ಕ್ಯಾಶರ್-ಎನ್‌ಜಿ’ ಹಾಕಿ. ಮೊದಲು ಕೇಳಿದವರಿಗೆ ತಂದ ಪ್ಯಾಕೇಜನ್ನು ಅದು ಉಳಿಸಿಕೊಂಡು ಮಿಕ್ಕ 39ಕ್ಕೂ ಲ್ಯಾಬ್‌ನೊಳಗಿಂದಲೇ ಕೊಡುತ್ತದೆ. ಅದರ ಪೋರ್ಟ್ 3142. ಪ್ರತಿ ಡೆಸ್ಕ್‌ಟಾಪ್‌ನ ‘ಆಪ್ಟ್ ಡಾಟ್ ಕಾನ್ಫ್ ಡಾಟ್ ಡಿ’ ಫೋಲ್ಡರಿನಲ್ಲಿ ಪ್ರಾಕ್ಸಿಯ ಒಂದು ಸಾಲು ಸಾಕು. ಕೊನೆಯ ಸೆಮಿಕೋಲನ್ ಬಿಟ್ಟುಹೋದರೆ ಆಪ್ಟ್ ಸಿಂಟ್ಯಾಕ್ಸ್ ಎರರ್ ಎಂದು ನಿಲ್ಲುತ್ತದೆ. ಮಿರರಿನ ವಿಳಾಸ ಎಚ್‌ಟಿಟಿಪಿಎಸ್ ಆಗಿದ್ದರೆ ಒಳಗಿರುವುದು ಈ ಕ್ಯಾಶಿಗೆ ಕಾಣುವುದಿಲ್ಲ, ಉಳಿಸಿಕೊಳ್ಳಲೂ ಆಗುವುದಿಲ್ಲ. ಸಾದಾ ಎಚ್‌ಟಿಟಿಪಿ ಹಾಕಿ, ಪ್ಯಾಕೇಜ್ ತಿದ್ದಿಲ್ಲವೆಂದು ಸಹಿ ನೋಡಿಕೊಳ್ಳುತ್ತದೆ. ಮನೆಗೆ ಒಯ್ಯುವ ಲ್ಯಾಪ್‌ಟಾಪ್‌ಗಳಿಗೆ ಮಾತ್ರ ಈ ಸಾಲು ಹಾಕಬೇಡಿ. ಲ್ಯಾಬ್ ದಾಟಿದೊಡನೆ ಆ ಪ್ರಾಕ್ಸಿ ಸಿಗದೆ ಅವುಗಳ ಅಪ್‌ಡೇಟ್ ನಿಂತುಬಿಡುತ್ತದೆ.