ವ್ಯಕ್ತಿತ್ವ ಪರೀಕ್ಷೆಯಲ್ಲಿ ನನ್ನದು ‘ಗಂಡಸಿನ ಯೋಚನೆ’ ಎಂದು ಬಂದಿದೆ. ನಾನು ಹೆಣ್ಣು. ಇದನ್ನು ನಂಬಬಹುದೇ?

ನಂಬಬೇಡಿ. ಇಂಥ ಪರೀಕ್ಷೆಗಳ ದೋಷ ಅವು ಹುಟ್ಟಿದ ಬಗೆಯಲ್ಲೇ ಇದೆ.

1936ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೂಯಿಸ್ ಟರ್ಮನ್ ಮತ್ತು ಕ್ಯಾಥರೀನ್ ಕಾಕ್ಸ್ ಮೈಲ್ಸ್ ಗಂಡುತನ, ಹೆಣ್ಣುತನಗಳನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಗಂಡಸರೂ ಹೆಂಗಸರೂ ಬೇರೆಬೇರೆಯಾಗಿ ಉತ್ತರಿಸಿದ ಪ್ರಶ್ನೆಗಳನ್ನು ಉಳಿಸಿಕೊಂಡು, ಒಂದೇ ತರಹ ಉತ್ತರಿಸಿದವನ್ನು ಕೈಬಿಟ್ಟರು. ಅಕ್ಕಿಯಲ್ಲಿನ ಕಲ್ಲನ್ನಷ್ಟೇ ಆರಿಸಿ ಮೊರದಲ್ಲಿಟ್ಟು, ಮೂಟೆಯ ತುಂಬ ಕಲ್ಲೇ ಇದೆ ಎಂದ ಹಾಗಾಯಿತು!

ಕಚೇರಿಗಳಲ್ಲಿ ಇಂದಿಗೂ ಬಳಸುವ ಮಯರ್ಸ್–ಬ್ರಿಗ್ಸ್ ಪರೀಕ್ಷೆಯನ್ನೇ ನೋಡಿ. ಅದರ ‘ತರ್ಕವೋ, ಭಾವನೆಯೋ’ ಎಂಬ ವಿಭಾಗಕ್ಕೆ ಹಳೆಯ ಆವೃತ್ತಿಗಳಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು ಅಂಕಪಟ್ಟಿ ಇತ್ತು. ಅದೇ ಉತ್ತರ ಕೊಟ್ಟರೂ ಲಿಂಗ ನೋಡಿ ಅಂಕ! ಇದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ವ್ಯತ್ಯಾಸವೇ ಇಲ್ಲವೆಂದಲ್ಲ. 2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಜಾನೆಟ್ ಹೈಡ್, ಗಂಡು–ಹೆಣ್ಣಿನ ವ್ಯತ್ಯಾಸದ ಕುರಿತ 46 ಸಮಗ್ರ ವಿಶ್ಲೇಷಣೆಗಳನ್ನು (ಹಲವು ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟಿಗೆ ಲೆಕ್ಕ ಹಾಕುವಂಥವು) ಒಟ್ಟುಗೂಡಿಸಿ ನೋಡಿದಾಗ, ಶೇ 78ರಷ್ಟು ವ್ಯತ್ಯಾಸಗಳು ಸಣ್ಣವು ಇಲ್ಲವೇ ಶೂನ್ಯಕ್ಕೆ ಹತ್ತಿರವಾಗಿದ್ದವು. ಚೆಂಡನ್ನು ಎಷ್ಟು ದೂರ ಎಸೆಯಬಲ್ಲರು ಎಂಬಂಥ ಕೆಲವು ವಿಷಯಗಳಲ್ಲಿ ಮಾತ್ರ ಅಂತರ ದೊಡ್ಡದು. 2015ರಲ್ಲಿ ಇಸ್ರೇಲಿನ ನರವಿಜ್ಞಾನಿ ಡಾಫ್ನಾ ಜೋಯೆಲ್ ಅವರ ತಂಡ 1,400ಕ್ಕೂ ಹೆಚ್ಚು ಮಿದುಳುಗಳ ಸ್ಕ್ಯಾನ್ ಪರಿಶೀಲಿಸಿತು. ಪೂರ್ತಿ ‘ಗಂಡು’ ಅಥವಾ ಪೂರ್ತಿ ‘ಹೆಣ್ಣು’ ಎನ್ನಬಹುದಾದ ಮಿದುಳುಗಳು ತೀರಾ ವಿರಳವಾಗಿದ್ದವು.

ಇನ್ನು ಪ್ರಶ್ನೆಗಳ ವಿಚಾರ. ‘ನಿಮಗೆ ಬೇಗ ಅಳು ಬರುತ್ತದೆಯೇ?’ ಎಂದು ಕೇಳಿದರೆ, ಮಂಡಿ ತರಚಿಕೊಂಡು ಬಂದಾಗಲೆಲ್ಲ ‘ಗಂಡು ಹುಡುಗ ಅಳುತ್ತಾನೆಯೇ?’ ಎಂದು ಗದರಿಸಿಕೊಂಡು ಬೆಳೆದವನು ‘ಇಲ್ಲ’ ಎಂದೇ ಗುರುತು ಹಾಕುತ್ತಾನೆ.