ಗಡಿಯ ಈಚೆಗೋ, ಆಚೆಗೋ?

ಪ್ರಶ್ನೆ: ಅಕ್ಕಾ, ನಮ್ಮದು ತಮಿಳುನಾಡಿನ ತಳಿ ಊರಿನ ಹತ್ತಿರದ ಹಳ್ಳಿ. ಯಜಮಾನರಿಗೆ ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಮೂರು ಶಿಫ್ಟು. ನನಗೆ ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿದೆ, ಬೆಳಿಗ್ಗೆ ಒಂಬತ್ತಕ್ಕೆ ಒಳಗಿರಬೇಕು. ಮೂರು ವರ್ಷದ ಮಗಳಿದ್ದಾಳೆ, ಅತ್ತೆಯೂ ನಮ್ಮ ಜೊತೆಗೇ. ಗಡಿಯಾಚೆ, ಕರ್ನಾಟಕದ ಚಂದಾಪುರದಲ್ಲಿ ಹೊಸ ಮನೆ ನೋಡಿದ್ದೇವೆ, ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುತ್ತಾರೆ. ಮೆಟ್ರೊ ಹತ್ತಿರ ಅಂತ ಯಜಮಾನರಿಗೆ ಅದೇ ಇಷ್ಟ. ಅತ್ತಿಬೆಲೆ, ಹೊಸೂರಿನಲ್ಲೂ ಮನೆಗಳಿವೆ. ಎಲ್ಲಿ ಹಿಡಿಯೋಣ?

ಉತ್ತರ: ತಂಗಿ, ಚಂದಾಪುರ ಅಂದ ತಕ್ಷಣ ನನ್ನ ಹಳೇ ಗಾಯ ಕೆರೆದ ಹಾಗಾಯಿತು. ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ, ಹೊಸೂರಿನಿಂದ ದಿನಾ ಓಡಾಡಿ ಸಾಕಾಗಿ, ನಾನೂ ಅಲ್ಲೇ ಮನೆ ಹಿಡಿದಿದ್ದೆ. ನೋಡಲು ಹೋಗಿದ್ದು ನವೆಂಬರ್ ತಿಂಗಳ ಒಂದು ಭಾನುವಾರ. ರಸ್ತೆ ಖಾಲಿ, ನಲ್ಲಿ ತಿರುಗಿಸಿದರೆ ಧೋ ಅಂತ ನೀರು. ಮಾರ್ಚಿಗೆ ಬೋರ್‌ವೆಲ್ ಕೈಕೊಟ್ಟಿತು. ಟ್ಯಾಂಕರ್ ದುಡ್ಡನ್ನು ಬಾಡಿಗೆದಾರರೇ ಹಂಚಿಕೊಳ್ಳಿ ಎಂದರು ಓನರ್. ಹದಿನಾಲ್ಕು ತಿಂಗಳಿಗೆ ಗಂಟುಮೂಟೆ ಕಟ್ಟಿದೆ. ಹೊರಡುವಾಗ ಪೇಂಟಿಂಗ್ ಲೆಕ್ಕದಲ್ಲಿ ಅಡ್ವಾನ್ಸಿನಿಂದ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಗೋಡೆಗೆ ಒಂದು ಮೊಳೆಯನ್ನೂ ನಾನು ಹೊಡೆದಿರಲಿಲ್ಲ.

ಹಾಗಂತ ಚಂದಾಪುರದ ಮನೆಗಳೆಲ್ಲ ಹಾಗೇ ಅನ್ನುವುದಿಲ್ಲ. ಆದರೆ ನಿಮ್ಮ ಯಜಮಾನರು ಮೆಟ್ರೊ ಲೆಕ್ಕವನ್ನು ಸ್ವಲ್ಪ ತಪ್ಪು ಹಾಕಿದ್ದಾರೆ. ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಶುರುವಾಯಿತು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 16 ನಿಲ್ದಾಣ. ಸಿಲ್ಕ್ ಬೋರ್ಡ್, ಬಿಟಿಎಂ ಕಡೆ ಕೆಲಸಕ್ಕೆ ಹೋಗುವವರಿಗೆ ಅದು ವರದಾನ. ನೀವು ಇಳಿಯಬೇಕಾದದ್ದು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಬೊಮ್ಮಸಂದ್ರದಿಂದ ನಾಲ್ಕನೆಯ ನಿಲ್ದಾಣ. ಅಷ್ಟಕ್ಕಾಗಿ ಬಸ್ ಇಳಿದು, ಮೆಟ್ಟಿಲು ಹತ್ತಿ, ರೈಲಿಗೆ ಕಾದು, ಮತ್ತೆ ಇಳಿಯುವ ಹೊತ್ತಿಗೆ, ಅದೇ ಬಸ್ಸಿನಲ್ಲಿ ಸುಮ್ಮನೆ ಕೂತಿದ್ದವರು ಆಫೀಸು ಸೇರಿರುತ್ತಾರೆ. ಮೆಟ್ರೊ ಹೆಸರಿನಲ್ಲಿ ಏರಿಸಿದ ಬಾಡಿಗೆಯನ್ನು ನೀವು ಯಾಕೆ ಕಟ್ಟಬೇಕು?

ನಾನು ಕೇಳುವುದು ಬೇರೆ. ಮನೆಯಲ್ಲಿ ಕತ್ತಲಲ್ಲಿ ಓಡಾಡುವವರು ಯಾರು? ನಿಮ್ಮ ಯಜಮಾನರು. ರಾತ್ರಿ ಶಿಫ್ಟು ಮುಗಿಸಿ ನಿದ್ದೆಗಣ್ಣಲ್ಲಿ ಬೈಕ್ ಓಡಿಸುವವರು ಲಾರಿಗಳ ನಡುವೆ ಹೆದ್ದಾರಿಯಲ್ಲಿ ಚಂದಾಪುರದವರೆಗೆ ಬರುವುದು ನನಗೆ ಸರಿಕಾಣುವುದಿಲ್ಲ. ಮನೆ ಅವರ ಕಾರ್ಖಾನೆಗೆ ಹತ್ತಿರವಿರಲಿ. ನೀವು ಹಗಲು ಹೊತ್ತು ಬಸ್ಸಿನಲ್ಲಿ ಹೋಗುವವರು, ಅರ್ಧ ಗಂಟೆ ಹೆಚ್ಚಾದರೂ ತಡೆದುಕೊಳ್ಳಬಹುದು.

ಅದಕ್ಕೇ ನನ್ನ ಕಣ್ಣು ಜೂಜುವಾಡಿ ಮೇಲೆ. ಹೊಸೂರು ಪಾಲಿಕೆಯೊಳಗೇ ಇದೆ, ಸಿಪ್‌ಕಾಟ್ ಪಕ್ಕ, ಗಡಿ ದಾಟಿದರೆ ಕರ್ನಾಟಕದ ಅತ್ತಿಬೆಲೆ. ಅತ್ತೆಯ ರೇಷನ್ ಕಾರ್ಡು ಇದ್ದಲ್ಲೇ ಇರುತ್ತದೆ. ಬೈಕಿನ ತಲೆನೋವೂ ಇಲ್ಲ. ಬೇರೆ ರಾಜ್ಯದಲ್ಲಿ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ನಂಬರ್ ಮಾಡಿಸಬೇಕು, ತೆರಿಗೆಯೂ ಬೀಳುತ್ತದೆ. ಕೊರತೆಯೂ ಉಂಟು, ಹೇಳಿಬಿಡುತ್ತೇನೆ. ಲಾರಿ ಸದ್ದು, ಧೂಳು. ಆಮೇಲೆ ಬಸ್ ಟಿಕೆಟ್ಟು: ಕರ್ನಾಟಕದಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಉಚಿತ, ಆದರೆ ಅಲ್ಲಿಯ ವಿಳಾಸದ ಗುರುತಿನ ಚೀಟಿ ಇದ್ದವರಿಗೆ ಮಾತ್ರ. ನಮ್ಮ ತಮಿಳುನಾಡಿನ ಆಧಾರ್ ತೋರಿಸಿದರೆ ಕಂಡಕ್ಟರ್ ಟಿಕೆಟ್ ಹರಿದೇ ಕೊಡುತ್ತಾನೆ. ನಮ್ಮ ಕಡೆಯ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ ನಿಜ, ಆದರೆ ಆ ಬಸ್ಸು ನಿಮ್ಮನ್ನು ಎಲೆಕ್ಟ್ರಾನಿಕ್ ಸಿಟಿಗೆ ಮುಟ್ಟಿಸುವುದಿಲ್ಲ.

ಮಗಳ ಓದಿನ ವಿಷಯದಲ್ಲಿ ಮಾತ್ರ ನನಗೂ ಎರಡು ಮನಸ್ಸು. ಈಚೆಗೆ ಸೇರಿಸಿದರೆ ತಮಿಳು ಕಲಿಯಲೇಬೇಕು, 2006ರ ಕಾನೂನು. ಆಚೆಗೆ ಕನ್ನಡ ಕಡ್ಡಾಯ, 2015ರದ್ದು. ಹೊಸೂರು, ತಳಿ ಕಡೆ ಕನ್ನಡ ಶಾಲೆಗಳು ಇನ್ನೂ ಇವೆ, ನಿಮಗೆ ಗೊತ್ತಿರುವುದೇ. ಎರಡನೇ ತರಗತಿಯಲ್ಲಿ ಗಡಿ ದಾಟಿಸಿ ಮಗುವನ್ನು ಮತ್ತೆ ಅ ಆ ಇ ಈಯಿಂದ ಕೂರಿಸಬೇಡಿ. ಮಗಳಿಗೆ ಇನ್ನೂ ಮೂರು. ಈಗ ಹನ್ನೊಂದು ತಿಂಗಳ ಕರಾರಿಗೆ ಮನೆ ಹಿಡಿಯಿರಿ. ಒಂದನೇ ತರಗತಿಗೆ ಸೇರಿಸುವ ಮೊದಲು ಈಚೆಗೋ ಆಚೆಗೋ ತೀರ್ಮಾನ ಮಾಡಿ. ಆಚೆಗೆ ಅಂತಾದರೆ ಅತ್ತಿಬೆಲೆ ಕೂಗಳತೆಯಲ್ಲೇ ಇದೆ.

ಮನೆ ನೋಡಲು ಭಾನುವಾರ ಹೋಗಬೇಡಿ. ಸೋಮವಾರ ಬೆಳಿಗ್ಗೆ ಏಳೂವರೆಗೆ ಆ ಮನೆಯ ಬಾಗಿಲಿನಿಂದ ಹೊರಟು ನಿಮ್ಮ ಆಫೀಸಿನ ಗೇಟು ಮುಟ್ಟಿ, ಸಂಜೆ ಅದೇ ದಾರಿಯಲ್ಲಿ ವಾಪಸ್ ಬನ್ನಿ. ಅತ್ತಿಬೆಲೆ ಟೋಲ್, ಚಂದಾಪುರ ಸರ್ಕಲ್ ಎಷ್ಟು ಹೊತ್ತು ತಿನ್ನುತ್ತವೆ ಅಂತ ಗಡಿಯಾರವೇ ಹೇಳುತ್ತದೆ.

ನೀರಿಗೆ ನಮ್ಮಮ್ಮನ ಪರೀಕ್ಷೆ ಮಾಡಿ. ಓನರ್ ಮನೆಯ ನಲ್ಲಿಯಿಂದಲ್ಲ, ನಿಮಗೆ ಕೊಡುವ ಮನೆಯ ಅಡುಗೆಮನೆ ನಲ್ಲಿಯಿಂದ ಒಂದು ಬಾಟಲಿ ನೀರು ತನ್ನಿ. ಒಂದು ಹಿಡಿ ತೊಗರಿಬೇಳೆಯನ್ನು ಅದರಲ್ಲಿ, ಇನ್ನೊಂದು ಹಿಡಿಯನ್ನು ಊರಿನ ನೀರಿನಲ್ಲಿ, ತೆರೆದ ಪಾತ್ರೆಯಲ್ಲಿ ಒಂದೇ ಹೊತ್ತು ಬೇಯಿಸಿ. ಗಡಸು ನೀರಾದರೆ ಬೇಳೆ ಕರಗದೆ ಕಾಳುಕಾಳಾಗಿ ತಳದಲ್ಲಿ ಕೂತಿರುತ್ತದೆ, ಪಾತ್ರೆಯ ಅಂಚಿಗೆ ಬಿಳಿ ಗೆರೆ ಹಿಡಿಯುತ್ತದೆ. ಹೊಸೂರಿಗೆ ಹೊಗೇನಕಲ್ ಯೋಜನೆಯ ಕಾವೇರಿ ನೀರು ಬರುತ್ತದೆ. ಆ ಬೀದಿಗೆ ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಅಂತ ಓನರನ್ನು ಕೇಳಬೇಡಿ, ಎದುರುಮನೆಯ ಹೆಂಗಸರನ್ನು ಕೇಳಿ. ಸಂಪಿನ ಮುಚ್ಚಳ ಎತ್ತಿಸಿ ನೋಡಿ. ಓನರ್ ಮುಖ ಸಿಂಡರಿಸಿದರೂ ಪರವಾಗಿಲ್ಲ.

ಕರಾರನ್ನು ಬಾಯಿಮಾತಿಗೆ ಬಿಡಬೇಡಿ. ತಮಿಳುನಾಡಿನಲ್ಲಿ 2019ರಿಂದ ಬಾಡಿಗೆ ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿಯೂ ಆಗಬೇಕು. ಟ್ಯಾಂಕರ್ ತರಿಸಿದರೆ ದುಡ್ಡು ಯಾರದ್ದು, ಬಿಡುವಾಗ ಪೇಂಟಿಂಗಿಗೆ ಎಷ್ಟು ಮುರಿಯುತ್ತಾರೆ, ಎರಡನ್ನೂ ಅದರಲ್ಲಿ ಬರೆಸಿ. ಮತ್ತೆ, ಅತ್ತೆಯನ್ನು ಒಮ್ಮೆ ಕರೆದುಕೊಂಡು ಹೋಗಿ ಮೆಟ್ಟಿಲು ಹತ್ತಿಸಿ ನೋಡಿ. ಹಗಲೆಲ್ಲ ಮಗು ಎತ್ತಿಕೊಂಡು ಆ ಮನೆಯಲ್ಲಿರುವವರು ಅವರು. ಬೇಳೆ ಬೆಂದಿತೋ ಇಲ್ಲವೋ, ನನಗೊಂದು ಕಾಗದ ಬರೆಯಿರಿ.